ಕೋರೆಯ ಪುಡಿಯ ಲೆಕ್ಕ

ಮನೆ ಕಟ್ಟುವವರೆಲ್ಲ ಕೆಂಪುಕಲ್ಲು ಹುಡುಕಿಕೊಂಡು ಕಾರಡ್ಕದ ಕಡೆಗೆ ಬರುತ್ತಿದ್ದ ಕಾಲ ಅದು. ನಮ್ಮ ಶಾಲೆಯ ಹಿಂದೆಯೇ ಆ ಕಲ್ಲು ಕೊರೆದು ತೆಗೆಯುವ ಕೋರೆ. ಮಧ್ಯಾಹ್ನ ಅನ್ನ, ಹೆಸರುಕಾಳಿನ ಪಲ್ಯ ಬಡಿಸುವಾಗಲೂ ಕಲ್ಲಿನ ಪುಡಿಯ ವಾಸನೆ. ಒಡೆದ ಕಲ್ಲು, ಪುಡಿ ಎಲ್ಲ ಸೇರಿ ಅಲ್ಲೊಂದು ಗುಡ್ಡವೇ ಆಗಿತ್ತು. ಅದರ ಮೇಲಿಂದ ಅಡಿಕೆ ಹಾಳೆಯಲ್ಲಿ ಕೂತು ಜಾರಿ, ಲಂಗ ಕೆಂಪು ಮಾಡಿಕೊಂಡು ಮನೆಯಲ್ಲಿ ಬೈಸಿಕೊಳ್ಳುತ್ತಿದ್ದೆವು.

ನಾನು ಏಳನೇ ಕ್ಲಾಸಿನಲ್ಲಿದ್ದೆ. ಶಾಲೆಗಳ ವಿಜ್ಞಾನ ಸ್ಪರ್ಧೆಯಾದ ಶಾಸ್ತ್ರಮೇಳಕ್ಕೆ ಎಂತ ಮಾಡುತ್ತೀರಿ ಎಂದು ಲೀಲಾ ಟೀಚರ್ ಕೇಳಿದಾಗ ನನ್ನ ಪಕ್ಕದ ಸಫಿಯಾ ಎದ್ದು, "ಕೋರೆಯಿಂದ ಇಷ್ಟು ವರ್ಷದಲ್ಲಿ ಎಷ್ಟು ಪುಡಿ ಬಂತು ಅಂತ ನಾವಿಬ್ಬರು ಲೆಕ್ಕ ಹಾಕುತ್ತೇವೆ" ಎಂದಳು. ನನ್ನನ್ನು ಕೇಳಿಯೇ ಇರಲಿಲ್ಲ.

ಭಾನುವಾರ ಹಗ್ಗಕ್ಕೆ ಮೀಟರಿಗೊಂದು ಗಂಟು ಹಾಕಿಕೊಂಡು ಹೋದೆವು. ಕೋರೆಯ ಹಳೇ ಕೆಲಸಗಾರ ಐತಪ್ಪಣ್ಣ ಹಗ್ಗದ ತುದಿ ಹಿಡಿದುಕೊಂಡರು.

"ನಾಲ್ಕು ಕಲ್ಲಿನ ಜಾಗ ಕೊರೆದರೆ ಮೂರು ಕಲ್ಲು ಲಾರಿಗೆ, ಒಂದು ಪುಡಿಗೆ. ಅಷ್ಟೇ ಮಗಳೇ."

ಹಾಗಾದರೆ ಕೋರೆಯ ಹೊಂಡದ ಕಾಲು ಭಾಗ ಗುಡ್ಡದಲ್ಲಿರಬೇಕು. ಅಳೆದು ನೋಡಿದರೆ ಅದರ ಅರ್ಧವೂ ಇಲ್ಲ.

"ನೀನು ಗಂಟು ಎಣಿಸಿದ್ದು ತಪ್ಪು ಮಾರಾಯ್ತಿ" ಎಂದಳು ಸಫಿಯಾ.

"ನಿನ್ನ ಗುಣಾಕಾರ ತಪ್ಪು."

ಎರಡು ದಿನ ಮಾತಿಲ್ಲ. ಮೂರನೇ ದಿನ ಸಫಿಯಾ ತಾನಾಗಿಯೇ ಹಗ್ಗ ಹಿಡಿದುಕೊಂಡು ಬಂದಳು, ಪುನಃ ಅಳೆದೆವು. ಉತ್ತರ ಅದೇ. ಸಫಿಯಾಳ ಮನೆಯಲ್ಲಿ ಬಿಸಿ ಕಲ್ತಪ್ಪ ತಿನ್ನುತ್ತಾ ಮತ್ತೆ ಜಗಳ ಶುರುವಾಯಿತು. ಅವಳ ತಾಯಿ, ಉಮ್ಮ, ಕೇಳಿಸಿಕೊಂಡು, "ಮಳೆಗೆ ನಮ್ಮ ತೋಡು ಕೆಂಪಾಗುವುದು ಯಾಕೆ? ಬನ್ನಿ" ಎಂದು ಮನೆಯ ಹಿಂದೆ ಹರಿಯುವ ಆ ಸಣ್ಣ ತೊರೆಯ ಹತ್ತಿರ ಕರೆದುಕೊಂಡು ಹೋದರು.

"ನಾನು ಮದುವೆಯಾಗಿ ಬಂದಾಗ ಇಲ್ಲಿ ಸೊಂಟದವರೆಗೆ ನೀರಿತ್ತು."

ಈಗ ಪಾದ ಮುಳುಗುವಷ್ಟೇ. ಕೋಲು ಊರಿದೆವು. ಮೆತ್ತಗಿನ ಕೆಂಪು ಕೆಸರಿನಲ್ಲಿ ಅದು ಇಳಿಯುತ್ತಲೇ ಹೋಯಿತು. ಗುಡ್ಡದಿಂದ ಮಳೆಗೆ ಕೊಚ್ಚಿ ಬಂದ ನಮ್ಮ ಉಳಿದ ಪುಡಿ ಅಲ್ಲಿತ್ತು. ಇಬ್ಬರ ಲೆಕ್ಕವೂ ಸರಿ ಇತ್ತು. ಕೆಸರಲ್ಲೇ ಕುಣಿದೆವು.

ಶಾಸ್ತ್ರಮೇಳದಲ್ಲಿ ನಮಗೆ ಎರಡನೇ ಬಹುಮಾನ. ಅದಕ್ಕಿಂತ ದೊಡ್ಡ ಸಂತೋಷ, ಐತಪ್ಪಣ್ಣ ಕೋರೆಯ ಧಣಿಗೆ ಹೇಳಿ ಮಳೆಗಾಲಕ್ಕೆ ಮೊದಲೇ ಪುಡಿ ಕೊಚ್ಚಿ ಹೋಗದ ಹಾಗೆ ಗುಡ್ಡದ ಬುಡಕ್ಕೆ ಒಡಕು ಕಲ್ಲಿನ ಕಟ್ಟ ಕಟ್ಟಿಸಿದ್ದು. ಆ ವರ್ಷದ ಮೊದಲ ಮಳೆಗೆ ತೋಡಿನ ನೀರು ಮೊದಲಿನಂತೆ ಕೆಂಪಾಗದೆ ಬರೀ ಚಹಾದ ಬಣ್ಣಕ್ಕೆ ತಿರುಗಿತು. ಉಮ್ಮ ನಗುತ್ತಾ ಕಾಲು ತೊಳೆದುಕೊಂಡರು.

ಈಗ ಕೋರೆ ಮುಚ್ಚಿದೆ. ಗುಡ್ಡವನ್ನೂ ಯಾವುದೋ ರಸ್ತೆಗೆ ತುಂಬಿಸಲು ಲಾರಿಯಲ್ಲಿ ಸಾಗಿಸಿದರು. ಐತಪ್ಪಣ್ಣ ಇಲ್ಲ. ಸಫಿಯಾ ಶಾರ್ಜಾದಲ್ಲಿದ್ದಾಳೆ, ಪೆರ್ನಾಲು ಹಬ್ಬಕ್ಕೆ ಮೆಸೇಜು ಬರುತ್ತದೆ. ನನಗೆ ಗೆಳತಿಯರು ಬೇಕಾದಷ್ಟು ಇದ್ದಾರೆ, ಎಲ್ಲರೂ ಒಳ್ಳೆಯವರೇ. ಆದರೆ ತಪ್ಪು ನಿನ್ನದೇ ಎಂದು ಮುಖಕ್ಕೆ ಹೇಳಿ, ಮಾತು ಬಿಟ್ಟು, ಮತ್ತೆ ತಾನಾಗಿಯೇ ಜೊತೆಗೆ ಹೊರಡುವವಳು ಆಮೇಲೆ ಒಬ್ಬಳೂ ಸಿಗಲಿಲ್ಲ.