ಬೆಳಗಿನ ವಿಚಾರಣೆ

ಆಸ್ಪತ್ರೆಯ ಲಾಂಡ್ರಿಯಲ್ಲಿ ಅವಳ ನಿಜವಾದ ಹೆಸರು ಹಾಜರಿ ಹಾಕುವವನಿಗೆ ಬಿಟ್ಟು ಬೇರೆ ಯಾರಿಗೂ ಗೊತ್ತಿರಲಿಲ್ಲ. ಎಲ್ಲರ ಬಾಯಲ್ಲೂ ಅವಳು ಪರವಾಗಿಲ್ಲಕ್ಕ. ಹಬೆ ಮುಖಕ್ಕೆ ಹೊಡೆದರೂ ಪರವಾಗಿಲ್ಲ, ರಜೆಯ ದಿನ ಕರೆಸಿಕೊಂಡರೂ ಪರವಾಗಿಲ್ಲ, ಯಾರದೋ ತಪ್ಪಿಗೆ ಇವಳು ಬೈಸಿಕೊಂಡರೂ ಪರವಾಗಿಲ್ಲ. ಒದ್ದೆ ಹೊದಿಕೆಗಳನ್ನು ಕೊಡವಿ, ಇಸ್ತ್ರಿ ಯಂತ್ರದ ಬಾಯಿಗೆ ಕೊಟ್ಟು, ಆ ಕಡೆಯಿಂದ ಬಂದದ್ದನ್ನು ಮಡಚಿ ಪೇರಿಸುವುದರಲ್ಲೇ ಅವಳ ಪ್ರಾಯ ಕಳೆದಿತ್ತು.

ಸಂಧಿವಾತ ಮೊದಲು ಹಿಡಿದದ್ದು ಬೆರಳಿನ ಗೆಣ್ಣುಗಳನ್ನು. ಆಮೇಲೆ ಮಣಿಕಟ್ಟು, ಮೊಣಕಾಲು. ಬೆಳಿಗ್ಗೆ ಎದ್ದರೆ ಎರಡು ಕೈಯೂ ಮುಷ್ಟಿ ಕಟ್ಟಿಕೊಂಡಿರುತ್ತಿದ್ದವು. ಮಾತ್ರೆ ನುಂಗಿ, ಬಿಸಿ ನೀರಿನಲ್ಲಿ ಕೈ ಅದ್ದಿ ಕೂತರೆ ಮಧ್ಯಾಹ್ನದ ಹೊತ್ತಿಗೆ ಒಂದಿಷ್ಟು ಬಿಚ್ಚಿಕೊಳ್ಳುತ್ತಿದ್ದವು. ಜೊತೆಯ ಹೆಂಗಸರು ಅವಳ ಪಾಲಿನ ರಾಶಿಯನ್ನೂ ಸದ್ದಿಲ್ಲದೆ ಮಡಚಿಡುತ್ತಿದ್ದರು. ಒಂದು ದಿನ ಕೈಯಿಂದ ಜಾರಿದ ಹೊದಿಕೆಯನ್ನು ಹಿಡಿಯಲು ಹೋಗಿ, ಇಸ್ತ್ರಿ ಯಂತ್ರದ ಕಾದ ಉರುಳೆಗೆ ಮೊಣಕೈ ತಾಗಿಸಿಕೊಂಡಳು. ಅಂದು ಮನೆಗೆ ಬಂದವಳಿಗೆ ಮತ್ತೆ ಕೆಲಸಕ್ಕೆ ಹೋಗಲಾಗಲಿಲ್ಲ.

ಗಂಡ ರಾತ್ರಿ ಪಾಳಿಯ ಕಾವಲುಗಾರ, ಮಾತು ಕಡಿಮೆ. ಬೆಳಗಾಗುವಷ್ಟರಲ್ಲಿ ಬಂದು ಅವಳ ಮುಖ ತೊಳೆಸಿ, ಗುಂಡಿ ಹಾಕಿ, ಅಡುಗೆ ಮುಗಿಸಿ, ಕೂತಲ್ಲೇ ತೂಕಡಿಸುತ್ತಿದ್ದ. ಅಣ್ಣನ ಪಾಲಿನ ಮಾತೆಲ್ಲ ಕೆಳಗಿನ ಮನೆಯಲ್ಲಿದ್ದ ಅವನ ತಂಗಿಗೆ ಬಂದಂತಿತ್ತು. ಟ್ಯಾಕ್ಸಿ ಓಡಿಸುವ ಆ ನಾದಿನಿಯೇ ಅತ್ತಿಗೆಯನ್ನು ಹಿಡಿದು ಕೂರಿಸಿ ಅಂಗವಿಕಲರ ಭತ್ಯೆಗೆ ಅರ್ಜಿ ಹಾಕಿಸಿದಳು.

"ನನಗಿಂತ ಕಷ್ಟದಲ್ಲಿರೋರು ಎಷ್ಟೋ ಜನ ಇದಾರಮ್ಮ," ಎಂದು ಇವಳು ರಾಗ ಎಳೆದಳು.

"ಇದ್ರೆ ಇರ್ಲಿ. ಅವರೂ ಹಾಕ್ತಾರೆ. ನೀವು ಸಹಿ ಮಾಡಿ ಅತ್ತಿಗೆ."

ತಪಾಸಣೆಗೆ ಮಧ್ಯಾಹ್ನ ಬರಹೇಳಿದ್ದರು. ನಾದಿನಿಗೆ ಅಂದು ಬಾಡಿಗೆ ಇತ್ತು, ಇವಳೊಬ್ಬಳೇ ಹೋದಳು. ದೊಡ್ಡ ಕಚೇರಿಗೆ ಹೋಗುವಾಗ ಹೇಗೆಂದರೆ ಹಾಗೆ ಹೋಗಬಾರದೆಂದು ಗಂಡನಿಂದ ಒಪ್ಪವಾಗಿ ಜಡೆ ಹಾಕಿಸಿಕೊಂಡು, ಇದ್ದುದರಲ್ಲಿ ಒಳ್ಳೆಯ ಬಟ್ಟೆ ಉಟ್ಟಿದ್ದಳು. ಕಂಪ್ಯೂಟರಿನಿಂದ ಕಣ್ಣೆತ್ತದ ಡಾಕ್ಟರು ಕೇಳುತ್ತಾ ಹೋದರು. ಅಡುಗೆ ಮಾಡ್ತೀರಾ? ಆದಷ್ಟು ಮಾಡ್ತೀನಿ. ತಲೆ ಬಾಚ್ಕೋತೀರಾ? ಹೂಂ. ಮೆಟ್ಟಿಲು? ನಿಧಾನಕ್ಕೆ ಹತ್ತುತ್ತೀನಿ. ನೋವು ಹೇಗಿದೆ?

ಬಾಯಿಗೆ ಬರುವುದೇ ಬಂತು. "ಪರವಾಗಿಲ್ಲ."

ಅರ್ಜಿ ತಿರಸ್ಕಾರವಾಯಿತು. ಮರುಪರಿಶೀಲನೆಗೆ ಬರೆದರೆ ಅದೂ ಹಾಗೇ ಹಿಂದಕ್ಕೆ ಬಂತು. ನಾದಿನಿ ಕೆಂಡವಾದಳು. "ಅಡುಗೆ ಮಾಡ್ತೀನಿ ಅಂದ್ರಾ? ಯಾವ ಜನ್ಮದಲ್ಲಿ? ನಮ್ಮಣ್ಣ ಬೇಯಿಸಿದ ಗಂಜಿ ಉಣ್ಣೋಕಾಗದೆ ನಾನು ಕದ್ದು ಚೆಲ್ತಿದೀನಿ!" ಗಂಡ ಮೊದಲ ಬಾರಿಗೆ ಬಾಯಿ ತೆರೆದ. "ಅಷ್ಟು ಕೆಟ್ಟದಾಗಿರುತ್ತಾ?" ಅಂಥ ಹೊತ್ತಿನಲ್ಲೂ ಮೂವರಿಗೂ ನಗು ತಡೆಯಲಾಗಲಿಲ್ಲ.

ಇನ್ನು ಉಳಿದದ್ದು ಮೇಲ್ಮನವಿ. ನಾದಿನಿ ಅತ್ತಿಗೆಯನ್ನು ಗ್ರಂಥಾಲಯದ ಮೇಲಿನ ಉಚಿತ ಸಲಹಾ ಕೇಂದ್ರಕ್ಕೆ ಕರೆದೊಯ್ದಳು. ಅಲ್ಲಿನ ವಕೀಲೆ ಎಲ್ಲ ಕೇಳಿ, "ನೀವು ಸುಳ್ಳು ಹೇಳಿಲ್ಲ, ಒಳ್ಳೆ ಹೊತ್ತಿನ ನಿಜ ಮಾತ್ರ ಹೇಳಿದೀರಿ," ಎಂದಳು. "ಕೆಟ್ಟ ಹೊತ್ತಿನ ನಿಜವನ್ನೂ ಹೇಳ್ಬೇಕು. ವಿಚಾರಣೆ ಬೆಳಿಗ್ಗೆಯೇ ಇಡೋಕೆ ಕೇಳೋಣ."

ಕೇಳಿದ್ದು ಸಿಕ್ಕಿತು. ವಿಚಾರಣೆಯ ಕೋಣೆ ಅವಳು ಹೆದರಿದ್ದಂತೆ ಕೋರ್ಟಿನ ಹಾಗಿರಲಿಲ್ಲ. ಒಂದು ಉದ್ದನೆಯ ಮೇಜು, ಆಚೆ ಮೂವರು. ನಡುವೆ ಕೂತಿದ್ದ ವಯಸ್ಸಾದ ಹೆಂಗಸು ಅಧ್ಯಕ್ಷೆ, ಪಕ್ಕದಲ್ಲೊಬ್ಬ ಡಾಕ್ಟರು, ಇನ್ನೊಬ್ಬರು ಊರುಗೋಲು ಒರಗಿಸಿಕೊಂಡಿದ್ದ ಸದಸ್ಯರು. ಈಚೆ ಇವಳು, ವಕೀಲೆ, ನಾದಿನಿ.

"ಹೇಗಿದೀರಿ ಅಮ್ಮ?" ಅಧ್ಯಕ್ಷೆ ಕೇಳಿದರು.

"ಪರವಾ—" ಎನ್ನುವಷ್ಟರಲ್ಲಿ ನಾದಿನಿ ಮೇಜಿನ ಕೆಳಗೆ ಕಾಲು ತುಳಿದಳು. "ಅಯ್ಯೋ!" ಎಂದು ಇವಳು ಕೂಗಿಕೊಂಡಳು. ಊರುಗೋಲಿನವರು ನಕ್ಕು, "ಇವತ್ತು ಬೆಳಿಗ್ಗೆ ಎದ್ದಾಗಿಂದ ಏನೇನಾಯ್ತು, ಅಷ್ಟು ಹೇಳಿ ಸಾಕು," ಎಂದರು.

ಅವಳು ಮಡಿಲಲ್ಲಿ ಬಿಗಿದುಕೊಂಡಿದ್ದ ಕೈಗಳನ್ನು ನೋಡಿದಳು. ಇಷ್ಟು ಕಾಲ ಇವನ್ನು ಯಾರ ಕಣ್ಣಿಗೂ ಬೀಳದಂತೆ ಇಟ್ಟುಕೊಂಡದ್ದೇ ತನಗೆ ಮರ್ಯಾದೆ ಅನ್ನಿಸಿತ್ತು. ಈಗ ಮೆಲ್ಲಗೆ ಎತ್ತಿ ಮೇಜಿನ ಮೇಲಿಟ್ಟಳು.

"ನಮ್ಮ ಯಜಮಾನರು ಮುಖ ತೊಳೆಸಿದ್ರು. ಜಡೆ ಅವರೇ ಹಾಕಿದ್ರು. ಚಮಚ ಹಿಡಿಯೋಕಾಗಲ್ಲ, ಅವರೇ ತಿನ್ನಿಸಿದ್ರು." ತಡೆದಳು. "ನೀರು ಕುಡೀಲಿಲ್ಲ. ಬೆಳಿಗ್ಗೆ ಹೊತ್ತು ನಾನು ನೀರು ಕುಡಿಯೋದೇ ಇಲ್ಲ."

"ಯಾಕಮ್ಮ?" ಡಾಕ್ಟರು ಕೇಳಿದರು.

"ಕುಡಿದ್ರೆ ಶೌಚಕ್ಕೆ ಹೋಗ್ಬೇಕಾಗುತ್ತೆ. ಬಟ್ಟೆ ಬಿಚ್ಕೊಳ್ಳೋಕೆ ನನ್ನಿಂದಾಗಲ್ಲ. ನಮ್ಮೋರು ಆಗ ತಾನೆ ಕಣ್ಣು ಮುಚ್ಚಿರ್ತಾರೆ. ಎಬ್ಬಿಸೋಕೆ ಮನಸ್ಸು ಬರಲ್ಲ."

ಹೊಟ್ಟೆಯಲ್ಲಿ ಬಚ್ಚಿಟ್ಟುಕೊಂಡಿದ್ದ ಈ ಸಂಗತಿ ನಾದಿನಿಗೂ ಗೊತ್ತಿರಲಿಲ್ಲ. ಮಾತಿನ ಮಲ್ಲಿ ಎನ್ನಿಸಿಕೊಂಡಿದ್ದವಳು ಕಿಟಕಿಯ ಕಡೆ ಮುಖ ತಿರುಗಿಸಿ ಮೂಗು ಒರೆಸಿಕೊಂಡಳು. ಆದರೆ ಹೇಳಿದವಳಿಗೆ ಅಳು ಬರಲಿಲ್ಲ. ತಲೆಯ ಮೇಲಿನ ಹೊರೆಯನ್ನು ಯಾರೋ ಕೈಕೊಟ್ಟು ಇಳಿಸಿದಂತಾಗಿ, ಉಳಿದದ್ದನ್ನೆಲ್ಲ ಕೇಳುವ ಮೊದಲೇ ಹೇಳಿದಳು.

ಹೊರಗೆ ಕಾಯಹೇಳಿದರು. ಕಾಫಿ ತರುತ್ತೇನೆಂದು ಎದ್ದ ನಾದಿನಿ ಚಿಲ್ಲರೆ ಹುಡುಕುವಷ್ಟರಲ್ಲೇ ಮತ್ತೆ ಒಳಗೆ ಕರೆ ಬಂತು. ಅಧ್ಯಕ್ಷೆ ಸುತ್ತು ಬಳಸಲಿಲ್ಲ. "ನಿಮ್ಮ ಮೇಲ್ಮನವಿ ಒಪ್ಪಿದೀವಿ. ಭತ್ಯೆ ಪೂರ್ತಿ ಸಿಗುತ್ತೆ. ಬೆಳಗಿನ ಹೊತ್ತು ಸಹಾಯಕ್ಕೆ ಒಬ್ಬರನ್ನ ಇಟ್ಕೊಳ್ಳಿ."

ಇವಳು ತಲೆಯಾಡಿಸಿದಳು. ಎದ್ದು ನಿಲ್ಲಲು ಹೋಗಿ, ಮೊಣಕಾಲು ಮಾತು ಕೇಳದೆ ಮತ್ತೆ ಕೂತಳು. "ಸ್ವಲ್ಪ ಕೈ ಹಿಡ್ಕೊಳ್ಳಮ್ಮ," ಎಂದು ನಾದಿನಿಯನ್ನು ತಾನಾಗಿಯೇ ಕೇಳಿದಳು.

ಈಗ ದಿನಾ ಬೆಳಿಗ್ಗೆ ಒಬ್ಬ ಗಟ್ಟಿಗಿತ್ತಿ ಹೆಂಗಸು ಬರುತ್ತಾಳೆ. ಸ್ನಾನ ಮಾಡಿಸುತ್ತಾಳೆ, ಬಾಯಿ ತುಂಬ ಮಾತಾಡುತ್ತಾಳೆ, ಬೇಕೆಂದಷ್ಟು ಟೀ ಕುಡಿಸುತ್ತಾಳೆ. ಅವಳು ಹಾಕುವ ಜಡೆ ಮಾತ್ರ ಸ್ವಲ್ಪ ಬಿಗಿ, ಹುಬ್ಬು ಮೇಲೆಳೆದ ಹಾಗಾಗುತ್ತದೆ. ಒಳಕೋಣೆಯಲ್ಲಿ ಗಂಡ ಮಗುವಿನಂತೆ ಮಲಗಿರುತ್ತಾನೆ. ಅವನ ಗೊರಕೆ ಕೆಳಗಿನ ಮನೆಗೂ ಕೇಳಿಸುತ್ತದೆಂದು ನಾದಿನಿಯ ದೂರು.

"ಬಾಗಿಲು ಹಾಕ್ಲಾ ಅಕ್ಕ?" ಎಂದು ಸಹಾಯಕಿ ಕೇಳಿದಳು ಒಂದು ದಿನ.

"ಬೇಡ, ತೆಗೆದೇ ಇರ್ಲಿ," ಎಂದಳು ಇವಳು. "ಎಷ್ಟು ಕಾಲ ಆಯ್ತು ಇವರು ಹೀಗೆ ಮಲಗಿ. ನನಗೆ ಕೇಳ್ತಾ ಇರ್ಬೇಕು."