ನಿಂತ ಕಾರಿನಲ್ಲಿ ಕಾಯುವವರು

೨೦೦೭ರಲ್ಲಿ ನಾನು ದುಬೈನ ಅಲ್ ಕೂಜ್‌ನಲ್ಲಿದ್ದ ವಾಹನ ಮಾರಾಟ ಸಂಸ್ಥೆಯೊಂದರಲ್ಲಿ ತರಬೇತಿ ಅಧಿಕಾರಿಯಾಗಿದ್ದೆ. ಸಾಧಾರಣ ಸಂಬಳದವರೂ ಕೊಳ್ಳಬಹುದಾದ ಪುಟ್ಟ ಎಲೆಕ್ಟ್ರಿಕ್ ಕಾರೊಂದರ ಬಿಡುಗಡೆಗೆ ಸಿದ್ಧತೆ ನಡೆದಿತ್ತು. ಹಿಂದೆ ಶಾಲಾ ಶಿಕ್ಷಕನಾಗಿದ್ದ ನನ್ನ ಪಾಲಿಗೆ ಚಾಲಕರ ಕೈಪಿಡಿ ಬರೆಯುವ ಹೊಣೆ ಬಂದಿತ್ತು.

ಬಿಡುಗಡೆಗೆ ಮುನ್ನ ಕೆಲವು ಕುಟುಂಬಗಳಿಗೆ ಕಾರನ್ನು ಪರೀಕ್ಷಾರ್ಥವಾಗಿ ಕೊಟ್ಟೆವು. ಇಂಟರ್‌ನ್ಯಾಷನಲ್ ಸಿಟಿ ಬಡಾವಣೆಯಲ್ಲಿದ್ದ ಧಾರವಾಡದ ಬಸವರಾಜ ಮತ್ತು ಗಿರಿಜಾ ದಂಪತಿಯೂ ಅವರಲ್ಲಿ ಸೇರಿದ್ದರು. ಆಗಸ್ಟ್‌ನ ಒಂದು ಮಧ್ಯಾಹ್ನ ಬಸವರಾಜರು ಸತ್ವಾ ಬಡಾವಣೆಯ ದರ್ಜಿಯ ಅಂಗಡಿಗೆ ಹೋದರು. ಗಿರಿಜಾ ಕೈಗೂಸಿನೊಂದಿಗೆ ಎ.ಸಿ. ಹಾಕಿಕೊಂಡು ಕಾರಿನಲ್ಲೇ ಕುಳಿತರು. ಬೇಸಗೆಯಲ್ಲಿ ಅಲ್ಲಿ ಎಲ್ಲರೂ ಮಾಡುವುದು ಅದನ್ನೇ. ಚಹಾ ಬೇಕಾದರೂ ಹಾರನ್ ಒತ್ತಿ ಕಾರಿಗೇ ತರಿಸಿಕೊಳ್ಳುತ್ತಾರೆ. ಮರಳುವಾಗ, ಮೀಟರ್ ಇನ್ನೂ ಅರ್ಧ ಚಾರ್ಜ್ ತೋರಿಸುತ್ತಿದ್ದಂತೆಯೇ, ಹೆದ್ದಾರಿಯಲ್ಲಿ ಕಾರು ನಿಂತುಬಿಟ್ಟಿತು. ಸುತ್ತ ಎಲ್ಲಿಯೂ ನೆರಳಿರಲಿಲ್ಲ. ಕೆಟ್ಟು ನಿಂತ ಕಾರನ್ನು ಎಳೆದೊಯ್ಯುವ ನಮ್ಮ ರಿಕವರಿ ವಾಹನ ತಲುಪುವ ವೇಳೆಗೆ ಕೂಸು ಅಳುವುದನ್ನೂ ನಿಲ್ಲಿಸಿತ್ತು. ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದ ಮೇಲೆಯೇ ಅದು ಕಣ್ಣು ತೆರೆದದ್ದು.

ಮರುದಿನ ನಾನೂ ಮಾರಾಟ ವ್ಯವಸ್ಥಾಪಕರಾದ ಮಂಗಳೂರಿನ ರಮಾನಾಥ ರಾಯರೂ ಅವರ ಮನೆಗೆ ಹೋದೆವು. ರಾಯರು ಕ್ಷಮೆ ಕೇಳಿ, ಬೇರೆ ಕಾರು ಕಳಿಸುವುದಾಗಿ ಹೇಳಿದರು.

“ಗಾಡಿ ನಿಂತದ್ದಕ್ಕ ನನಗ ಸಿಟ್ಟಿಲ್ರೀ ಸರ್,” ಎಂದರು ಗಿರಿಜಾ. “ನಿಲ್ಲೂಕಿಂತ ಮೊದಲ ಒಂದ್ ಮಾತು ಹೇಳಬೇಕಿತ್ತಿಲ್ಲೋ ಅದು? ನೀವು ಓಡಿಸಿ ನೋಡೀರಿ. ಹೆಂಡ್ರು ಮಕ್ಕಳನ್ನ ಒಳಗ ಕೂಡಿಸಿ, ನಿಂದ್ರಿಸಿ ನೋಡೀರೇನು?”

ನೋಡಿರಲಿಲ್ಲ. ರೇಂಜ್, ಅಂದರೆ ಒಮ್ಮೆ ಚಾರ್ಜ್ ಮಾಡಿದರೆ ಸಾಗುವ ದೂರ, ನಮ್ಮ ಪರೀಕ್ಷೆಗಳಲ್ಲಿ ಓಡುವ ಕಾರಿನದಷ್ಟೇ ಆಗಿತ್ತು. ನಿಂತ ಕಾರಿನಲ್ಲಿ ಎ.ಸಿ. ತಿನ್ನುವ ಚಾರ್ಜ್ ಮೀಟರಿನ ಲೆಕ್ಕಕ್ಕೇ ಬರುತ್ತಿರಲಿಲ್ಲ.

ಅಲ್ ಕೂಜ್‌ಗೆ ಮರಳಿದೊಡನೆ ರಾಯರು, “ಮಾರಾಯ್ರೆ, ಹೋರ್ಡಿಂಗ್ ಎಲ್ಲ ಹಾಕಿ ಆಗಿದೆ. ಮುಂದಿನ ವಾರ ಲಾಂಚ್. ನಿಮ್ಮ ಪುಸ್ತಕದಲ್ಲಿ ಎಚ್ಚರಿಕೆ ಅಂತ ಒಂದು ಸಾಲು ಸೇರಿಸಿದ್ರೆ ಸಾಕಲ್ಲ?” ಎಂದರು.

“ರಾಯರೇ, ಕೂಸು ಸುಸ್ತಾಗಿ ಮಲಗಿರುವಾಗ ಆ ತಾಯಿ ನನ್ನ ಸಾಲನ್ನು ಓದಬೇಕೇ?”

ರಾಯರು ಹೊರಗೆ ನಡೆದರು. ಅಂಗಳದ ಬಿಸಿಲಿನಲ್ಲಿದ್ದ ಅದೇ ಕಾರಿನೊಳಗೆ ಹೋಗಿ, ಗಾಜು ಏರಿಸಿಕೊಂಡು ಕುಳಿತರು. ಹೊರಬಂದಾಗ ಅಂಗಿ ಮೈಗೆ ಅಂಟಿಕೊಂಡಿತ್ತು.

“ಖಲಾಸ್. ಹೋರ್ಡಿಂಗ್ ಇಳಿಸ್ಲಿಕ್ಕೆ ಹೇಳಿ.”

ಕಾರು ಬಿಡುಗಡೆಯಾದದ್ದು ಚಳಿಗಾಲದಲ್ಲಿ. ಕಾರು ನಿಂತೇ ಇದ್ದರೂ, ಮನೆ ಸೇರುವಷ್ಟು ಚಾರ್ಜ್ ಉಳಿದಿರುವಾಗಲೇ ಎಚ್ಚರಿಸುವ ಬಜರ್ ಅದರಲ್ಲಿತ್ತು. ಬಸವರಾಜರು ಕೊಳ್ಳಲು ಬಂದಾಗ ಗಿರಿಜಾ ಕೂಸನ್ನು ಗಂಡನ ಕೈಗಿತ್ತು, ನಿಂತ ಕಾರಿನಲ್ಲಿ ಎ.ಸಿ. ಹಾಕಿಕೊಂಡು ಒಬ್ಬರೇ ಕುಳಿತರು. ರಾಯರು ಮಾರಾಟದ ಕಾಗದಗಳನ್ನು ಹಿಡಿದುಕೊಂಡೇ ಕಾದರು.

ಯಂತ್ರವನ್ನು ನಡೆಸುವವರಷ್ಟೇ ಅಲ್ಲ, ಅದರೊಳಗೆ ಸುಮ್ಮನೆ ಕುಳಿತು ಕಾಯುವವರೂ ಅದರ ಬಳಕೆದಾರರೇ ಎಂಬುದನ್ನು ಆ ವೃತ್ತಿ ನನಗೆ ಕಲಿಸಿತು. ಅಂದು ಬಹಳ ಹೊತ್ತಿನ ನಂತರ ಬಜರ್ ಕೂಗಿತು. ಗಿರಿಜಾ ಕೆಳಗಿಳಿದು ಗಂಡನ ಕಡೆ ತಿರುಗಿದರು.

“ಈಗ ಹೇಳ್ತದ ನೋಡ್ರಿ. ತೊಗೊಳ್ಳೂಣು.”