ಗಿರಿಜಕ್ಕ ‘ತಡಿ’ ಎಂದಾಗ

ಯಂತ್ರಕ್ಕೂ ಕಿವಿ ಇದೆ ಎಂದು ಯಾರಾದರೂ ಹೇಳಿದ್ದರೆ ಮೊದಲು ನಗುತ್ತಿದ್ದವನು ನಾನೇ. ಎಲೆಕ್ಟ್ರಾನಿಕ್ಸ್ ಓದಿದವನು. ಈಗಲೂ ನಂಬುತ್ತೇನೆ ಎನ್ನಲಾರೆ. ನನ್ನ ನೆನಪಿನ ಮೇಲೂ ಪೂರ್ತಿ ಭರವಸೆಯಿಲ್ಲ. ಆದರೂ ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಕೆಲವು ವರ್ಷಗಳ ಹಿಂದೆ ಒಂದು ಸಂಜೆ, ಮೀನು ಬೋಟುಗಳು ನಿಲ್ಲುವ ಹೊನ್ನಾವರದ ದಕ್ಕೆಯಲ್ಲಿ, ಗೆಳೆಯ ಮಂಜುನಾಥನ ಬೋಟಿನೊಳಗೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದೆ. ಭಟ್ಕಳದಿಂದ ಕುಮಟಾದವರೆಗೆ ನೀರಡಿಯಲ್ಲಿ ಬಲೆ ಹರಿಯುವ ಕಲ್ಲುಗಳು ಎಲ್ಲೆಲ್ಲಿವೆ ಎಂದು ಅವನು ಹಳೆಯ ಜಿಪಿಎಸ್ ಯಂತ್ರದಲ್ಲಿ ಗುರುತು ಹಾಕಿಟ್ಟಿದ್ದ. ಅದರ ಪರದೆ ಸತ್ತಿತ್ತು. ಗುರುತುಗಳನ್ನು ಹೊರತೆಗೆಯಲು ಉಳಿದದ್ದು ಹಿಂಬದಿಯಲ್ಲಿ ಕೇಬಲ್ ಸಿಕ್ಕಿಸುವ ಸೀರಿಯಲ್ ಪೋರ್ಟ್ ಒಂದೇ.

“ಒಂದೊಂದು ಗುರ್ತಿಗೂ ಒಂದೊಂದು ಬಲೆ ಹರದದೆ ಮಾರಾಯಾ. ಅದು ಹೋದ್ರೆ ನಾ ಸಮುದ್ರದಲ್ಲಿ ಕುರ್ಡ,” ಎಂದ.

ಯಂತ್ರ ಕಳಿಸುವ ವೇಗಕ್ಕೆ ಲ್ಯಾಪ್‌ಟಾಪ್ ಸರಿಗಟ್ಟುತ್ತಿರಲಿಲ್ಲ. ಆಗ ಕೇಬಲ್ಲಿನ ಒಂದು ತಂತಿಯ ಮೂಲಕ ‘ನಿಲ್ಲು’ ಎಂದು ಸೂಚಿಸುವುದು ನನ್ನ ಪ್ರೋಗ್ರಾಮಿನ ಕೆಲಸ. ಬಂದ ಅಕ್ಷರಗಳು ತಂಗುವ ಜಾಗ, ಅಂದರೆ ಬಫರ್, ಪೂರ್ತಿ ತುಂಬಿದ ಮೇಲೆ ಅದು ಸೂಚಿಸುತ್ತಿತ್ತು. ಅಷ್ಟರಲ್ಲಿ ಹೊರಟುಬಿಟ್ಟಿದ್ದ ಅಕ್ಷರಗಳು ಜಾಗವಿಲ್ಲದೆ ಕಳೆದುಹೋಗುತ್ತಿದ್ದವು. ಮೊದಲ ಸಲ ಅರ್ಧಕ್ಕರ್ಧ ಗುರುತುಗಳು ಮುರಿದು ಬಂದವು. ಯಂತ್ರ ಬಿಸಿಯಾಗಿ ಬಂದ್ ಆಯಿತು. ಇನ್ನೊಂದು ಸಲ ಚಾಲೂ ಆದರೆ ಪುಣ್ಯ.

ಹೊರಗೆ ಬಂಗಡೆ ಮೀನಿನ ಬುಟ್ಟಿಗಳು ಕೈಯಿಂದ ಕೈಗೆ ದಾಟಿ ದಕ್ಕೆಗೆ ಇಳಿಯುತ್ತಿದ್ದವು. ಸಾಲಿನ ಕೊನೆಯಲ್ಲಿದ್ದವಳು ಮಂಜುನಾಥನ ಅಕ್ಕ ಗಿರಿಜಕ್ಕ. “ತಡಿ!” ಎಂದಳು.

“ಈಗ್ಲೇ ಎಂತಕ್ಕೆ ತಡಿಯೂದು? ನಿನ್ ಕೈ ಖಾಲಿನೇ ಅದ್ಯಲ್ಲೇ ಅಕ್ಕ!” ಬೋಟಿನ ಮೇಲಿನವನೊಬ್ಬ ಅಣಕಿಸಿದ.

“ದಾರೀಲಿ ಎರಡು ಬುಟ್ಟಿ ಬರ್ತಾ ಅದ್ಯಲೋ. ಅದ್ನ ನಿನ್ ತಲೆ ಮೇಲೆ ಇಟ್ಕಂತ್ಯ?”

ನನಗೆ ನಗು ಬಂತು, ಹಿಂದೆಯೇ ಬುದ್ಧಿಯೂ. ಬಫರ್ ಮುಕ್ಕಾಲು ತುಂಬುತ್ತಲೇ ‘ನಿಲ್ಲು’ ಎನ್ನುವಂತೆ ಪ್ರೋಗ್ರಾಮ್ ತಿದ್ದಿದೆ. ಮಂಜುನಾಥ ಸ್ವಿಚ್ ಒತ್ತಿದ.

ಅಕ್ಷರಗಳು ಬರುತ್ತಿವೆ ಎಂದು ತೋರಿಸುವ, ಕೇಬಲ್ಲಿನ ಪುಟ್ಟ ದೀಪ ಮಿನುಗತೊಡಗಿತು. ಹೊರಗೆ ಗಿರಿಜಕ್ಕ “ತಡಿ” ಎಂದಳು, ದೀಪ ನಿಂತಿತು. “ಹಾಂ, ಬಿಡು” ಎಂದಳು, ಮತ್ತೆ ಮಿನುಗಿತು. ಕಾಕತಾಳೀಯ ಎಂದುಕೊಂಡೆ. ಮತ್ತೆ “ತಡಿ”. ಮತ್ತೆ ನಿಂತಿತು. ಮಂಜುನಾಥ ನನ್ನ ಮುಖ ನೋಡಿದ. ಅವಳು “ಆತು” ಎಂದಾಗ ಕೊನೆಯ ಗುರುತು ಬಂದಿತ್ತು. ಒಂದೂ ಮುರಿದಿರಲಿಲ್ಲ. ಆ ಯಂತ್ರ ಮತ್ತೆಂದೂ ಚಾಲೂ ಆಗಲಿಲ್ಲ.

ಕುಮಟಾದ ಮನೆಗೆ ಬಂದು ಲ್ಯಾಪ್‌ಟಾಪ್ ತೆರೆದರೆ, ತಿದ್ದಿದ್ದನ್ನು ಉಳಿಸಬೇಕೇ ಎಂದು ಅದು ಕೇಳುತ್ತಿತ್ತು. ಉಳಿಸದ ತಿದ್ದುಪಡಿ ಓಡುವುದಿಲ್ಲ. ಹಾಗಾದರೆ ದಕ್ಕೆಯಲ್ಲಿ ಓಡಿದ್ದು ಹಳೆಯ ಪ್ರೋಗ್ರಾಮೇ? ಅಥವಾ ಆಮೇಲೆ ಇನ್ನೇನನ್ನಾದರೂ ತಿದ್ದಿದ್ದೆನೋ? ನೆನಪಿಲ್ಲ.

ಮಂಜುನಾಥ ಈಗಲೂ ಅದೇ ಗುರುತು ಹಿಡಿದು ಹೋಗುತ್ತಾನೆ, ಬಲೆ ಹರಿಯದೆ ಬರುತ್ತಾನೆ. ಮುಕ್ಕಾಲಿಗೇ ನಿಲ್ಲಿಸುವ ಪ್ರೋಗ್ರಾಮನ್ನು ನಾನು ಜೋಪಾನವಾಗಿ ಇಟ್ಟುಕೊಂಡಿದ್ದೇನೆ. ಆದರೂ ಬೇರೆ ಬೋಟಿನ ಯಂತ್ರಕ್ಕೆ ಕೇಬಲ್ ಸಿಕ್ಕಿಸುವ ಮೊದಲು, ದಕ್ಕೆಯ ಮೇಲೆ ಗಿರಿಜಕ್ಕ ಇದ್ದಾಳೆಯೇ ಎಂದು ಒಮ್ಮೆ ಕತ್ತೆತ್ತಿ ನೋಡುತ್ತೇನೆ. ಇದ್ದರೆ ಒಂದು ಧೈರ್ಯ. ಯಾಕೆಂದು ನನ್ನನ್ನು ಕೇಳಬೇಡಿ.